ಮುಚ್ಚಳದಕ್ಕ ಮತ್ತು ನಕ್ಷತ್ರದ ಚೀಟಿ

ಆಸ್ಪತ್ರೆಯ ದೊಡ್ಡ ಗೇಟಿನ ಎದುರು, ರಸ್ತೆಯ ಆಚೆ ಬದಿಗೆ, ಒಂಬತ್ತು ಅಡಿ ಅಗಲದ ಊಟದ ಅಂಗಡಿಯೊಂದಿದೆ. ಕೂತು ತಿನ್ನಲು ಅಲ್ಲಿ ಕುರ್ಚಿಯೂ ಇಲ್ಲ, ಮೇಜೂ ಇಲ್ಲ. ಮೂರು ಮೆಟ್ಟಿಲು ಹತ್ತಿ, ದುಡ್ಡು ಕೊಟ್ಟು, ಟೋಕನ್ ಹಿಡಿದು ನಿಲ್ಲಬೇಕು. ಪಾರ್ಸೆಲ್ ಕೈಗೆ ಬಂದ ಮೇಲೆ ಅದೇ ಮೂರು ಮೆಟ್ಟಿಲು ಇಳಿದು ಹೋಗಬೇಕು. ವ್ಯವಹಾರ ಇಷ್ಟೇ. ಈ ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷ ನಾಲ್ಕು ತಿಂಗಳಿಂದ ಪಾರ್ಸೆಲ್ ಕಟ್ಟುತ್ತಿರುವ ಹೆಂಗಸಿಗೆ ಗಿರಾಕಿಗಳು ಇಟ್ಟ ಹೆಸರು ಮುಚ್ಚಳದಕ್ಕ.

ಹೆಸರಿಗೆ ಕಾರಣವಿದೆ. ಸೂಪಿನ ಡಬ್ಬಿಯಾಗಲಿ, ಗ್ರೇವಿಯ ಡಬ್ಬಿಯಾಗಲಿ, ಮುಚ್ಚಳ ಒತ್ತಿ ಮುಚ್ಚಿದ ಮೇಲೆ ಆಕೆ ಅದನ್ನು ತಲೆಕೆಳಗು ಹಿಡಿದು ಮನಸ್ಸಿನಲ್ಲೇ ಮೂರು ಎಣಿಸುತ್ತಾಳೆ. ಒಂದು ಹನಿ ಜಿನುಗಿದರೂ ಆ ಡಬ್ಬಿ ಗಿರಾಕಿಯ ಕೈಗೆ ಹೋಗುವುದಿಲ್ಲ. ಈ ಅಭ್ಯಾಸ ಅಡುಗೆಮನೆಯಲ್ಲಿ ಕಲಿತದ್ದಲ್ಲ. ಮೊದಲು ಒಂಬತ್ತು ವರ್ಷ ಆಕೆ ಬಲ್ಬಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಅಲ್ಲಿ ಪೆಟ್ಟಿಗೆಯನ್ನು ಮಗುಚಿ, ಕಿವಿಯ ಹತ್ತಿರ ಹಿಡಿದು, ಒಳಗೆ ಗಾಜು ಸದ್ದು ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮುದ್ರೆ ಒತ್ತಬೇಕಿತ್ತು. ಕಾರ್ಖಾನೆ ಬಾಗಿಲು ಹಾಕಿತು. ಕೈಯ ಅಭ್ಯಾಸ ಮಾತ್ರ ಉಳಿಯಿತು.

ಕೆಲಸ ಕೇಳಿಕೊಂಡು ಬಂದ ದಿನ ಅಂಗಡಿಯ ಹಳೆಯ ಯಜಮಾನರು, "ಪಾರ್ಸೆಲ್ ಕಟ್ಟೋಕೆ ಬರುತ್ತಾ?" ಎಂದು ಕೇಳಿದ್ದರು. ಆಕೆ ಉತ್ತರ ಕೊಡದೆ ಒಂದು ಡಬ್ಬಿ ಸೂಪು ಮುಚ್ಚಿ, ಅವರ ಬಿಳಿ ಅಂಗಿಯ ಮೇಲೆಯೇ, ಒಂದು ಗೇಣು ಎತ್ತರದಲ್ಲಿ, ಬೋರಲು ಹಿಡಿದಳು.

"ಏಯ್! ಒಂದು ತೊಟ್ಟು ಬಿದ್ರೂ ನಾಳೆ ನೀನು ಈ ಕಡೆ ತಲೆ ಹಾಕಬಾರದು."

"ಬೀಳಲ್ಲ ಬಿಡಿ. ನಾಳೆ ಎಷ್ಟು ಗಂಟೆಗೆ ಬರ್ಲಿ?"

ಹೀಗೆ ಆಕೆ ಕೆಲಸಕ್ಕೆ ಸೇರಿದಳು.

ಆ ಅಂಗಡಿಯ ಮುಕ್ಕಾಲು ಪಾಲು ಗಿರಾಕಿಗಳು ರೋಗಿಗಳ ಕಡೆಯವರು. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಭೇಟಿಯ ಹೊತ್ತು ಹನ್ನೆರಡೂವರೆಯಿಂದ ಒಂದೂವರೆ. ಒಂದೂವರೆಗೆ ಗೇಟು ಬಿತ್ತೆಂದರೆ ಮತ್ತೆ ತೆರೆಯುವುದು ಸಂಜೆ ಐದಕ್ಕೆ. ಆದ್ದರಿಂದ ಆ ಒಂದು ಗಂಟೆಯಲ್ಲಿ ಮೆಟ್ಟಿಲ ಮೇಲೆ ನಿಂತವರಿಗೆ ಹಸಿವಿಗಿಂತ ಗಡಿಯಾರದ ಚಿಂತೆಯೇ ಹೆಚ್ಚು. ಇದನ್ನು ಬಲ್ಲ ಮುಚ್ಚಳದಕ್ಕನಿಗೆ ಕೌಂಟರಿನಲ್ಲಿ ಒಂದೇ ಕಾನೂನು: ಟೋಕನ್ನಿನ ನಂಬರು. ಮೂವತ್ತೊಂದು ಆದ ಮೇಲೆ ಮೂವತ್ತೆರಡು. ಒಮ್ಮೆ ಬಿಳಿ ಕೋಟಿನ ಡಾಕ್ಟರೊಬ್ಬರು ಎಲ್ಲರನ್ನೂ ದಾಟಿ ಮುಂದೆ ಬಂದು ಕೈ ಚಾಚಿದಾಗ ಆಕೆ ನಗುನಗುತ್ತಲೇ, "ಡಾಕ್ಟ್ರೇ, ನಿಮ್ದು ಐವತ್ತಾರು, ಈಗ ನಡೀತಿರೋದು ನಲವತ್ತು. ನಿಮ್ಮ ರೂಮಿನ ಹೊರಗೆ ನಾವು ಗಂಟೆಗಟ್ಟಲೆ ಕಾಯ್ತೀವಲ್ಲ, ಇಲ್ಲಿ ನೀವು ಹತ್ತು ನಿಮಿಷ ಕಾದುಬಿಡಿ" ಎಂದಿದ್ದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಡಾಕ್ಟರೂ ನಕ್ಕು ಹಿಂದೆ ಸರಿದರು. ದೊಡ್ಡವರು ಸರಿಯಾಗಿ ಹೇಳಿದರೆ ಕೇಳುತ್ತಾರೆ. ಹೇಳುವವರು ಇರುವುದಿಲ್ಲ, ಅಷ್ಟೇ.

ಹೀಗಿರುವಾಗ ಯಜಮಾನರಿಗೆ ಕಣ್ಣು ಮಂದವಾಗಿ, ಅಂಗಡಿ ಅವರ ಮಗಳ ಕೈಗೆ ಬಂತು. ಮೂವತ್ತೊಂದರ ಹರೆಯದ ಆ ಚಿಕ್ಕ ಯಜಮಾನಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಬೆಳಗ್ಗೆ ಎಂಟಕ್ಕೆ ಬಂದು ತಾನೇ ಗಲ್ಲಾದಲ್ಲಿ ಕೂರುತ್ತಿದ್ದಳು, ತರಕಾರಿಯ ಚೀಲ ತಾನೇ ಇಳಿಸುತ್ತಿದ್ದಳು. ಆದರೆ ಅಡುಗೆ ಅನಿಲ, ಎಣ್ಣೆ, ಡಬ್ಬಿ ಎಲ್ಲದರ ದರವೂ ಏರಿತ್ತು. ಊಟದ ಬೆಲೆ ಏರಿಸಿದರೆ ಪಕ್ಕದ ಬೀದಿಯ ಅಂಗಡಿಗೆ ಗಿರಾಕಿ ಹೋದಾರೆಂಬ ಭಯ. ಏರಿಸದಿದ್ದರೆ ಕೆಲಸದವರ ಸಂಬಳ ಹೆಚ್ಚಿಸುವುದು ಹೇಗೆಂಬ ಚಿಂತೆ. ಅಂಥ ಹೊತ್ತಿನಲ್ಲಿ ಯಾರೋ ಮಾರಾಟದವನು ಬಂದು ಗಲ್ಲಾದ ಮೇಲೆ ಒಂದು ಪರದೆಯ ಯಂತ್ರ ಕೂರಿಸಿ ಹೋದ.

ಆ ಯಂತ್ರದ ನಡವಳಿಕೆಯನ್ನು ಕರಾರುವಾಕ್ಕಾಗಿ ವಿವರಿಸಬೇಕು. ಗಿರಾಕಿ ಕಾರ್ಡು ಮುಟ್ಟಿಸಿದ ಕೂಡಲೇ ಪರದೆ ಅವನತ್ತ ತಿರುಗಿ ಒಂದು ಪ್ರಶ್ನೆ ಕೇಳುತ್ತಿತ್ತು: ಟಿಪ್ಸ್ ಐದು ಶೇಕಡಾವೋ, ಹತ್ತೋ, ಹದಿನೈದೋ? ಮೂರೂ ದಪ್ಪ ದಪ್ಪ ಹಸಿರು ಗುಂಡಿಗಳು. ಬೇಡ ಎನ್ನುವ ಗುಂಡಿಯೂ ಇತ್ತು. ಅದು ಬೂದು ಬಣ್ಣದ್ದು, ಪರದೆಯ ಕೆಳತುದಿಯಲ್ಲಿ, ಕನ್ನಡಕ ಹಾಕಿದವರೂ ಬಗ್ಗಿ ಹುಡುಕಬೇಕಾದಷ್ಟು ಸಣ್ಣದು. ಈ ಪುಟಕ್ಕೆ ಯಂತ್ರದವರು ಕೊಟ್ಟ ತಲೆಬರಹ 'ನಿಮ್ಮ ಮೆಚ್ಚುಗೆ'. ಇನ್ನೂ ಮುಚ್ಚಳ ತೆರೆಯದ, ಮೂಗಿಗೆ ವಾಸನೆ ಸಹ ತಾಕದ ಊಟವನ್ನು ಮನುಷ್ಯ ಮೆಚ್ಚುವುದು ಹೇಗೆಂದು ಅವರು ಎಲ್ಲಿಯೂ ಬರೆದಿರಲಿಲ್ಲ! ಮೇಜಿಗೆ ತಂದು ಬಡಿಸುವವರಿಲ್ಲ, ನೀರು ಇಡುವವರಿಲ್ಲ, ತಟ್ಟೆ ಎತ್ತುವವರಿಲ್ಲ. ಗಿರಾಕಿ ತಾನೇ ನಿಂತು, ತಾನೇ ಕಾದು, ತಾನೇ ಹೊತ್ತುಕೊಂಡು ಹೋಗುವ ಊಟಕ್ಕೆ ಮುಂಗಡ ಭಕ್ಷೀಸು.

ಅಷ್ಟರಲ್ಲೇ ಮುಗಿದಿದ್ದರೆ ಮುಚ್ಚಳದಕ್ಕ ಸುಮ್ಮನಿರುತ್ತಿದ್ದಳೇನೋ. ಆದರೆ ಟಿಪ್ಸ್ ಒತ್ತಿದವರ ಚೀಟಿಯ ನೆತ್ತಿಯ ಮೇಲೆ ಯಂತ್ರ ಒಂದು ನಕ್ಷತ್ರ ಮುದ್ರಿಸುತ್ತಿತ್ತು. ಅಡುಗೆಮನೆಗೂ ಕೌಂಟರಿಗೂ ನಡುವಿನ ಕಿಂಡಿಯಲ್ಲಿ ಚೀಟಿ ಬಂದಾಗ ನಕ್ಷತ್ರದ್ದನ್ನು ಮೊದಲು ಎತ್ತಬೇಕೆಂದು ಚಿಕ್ಕ ಯಜಮಾನಿ ಅಪ್ಪಣೆ ಮಾಡಿದಳು.

"ಕೊಟ್ಟವರಿಗೆ ಒಂದು ಮರ್ಯಾದೆ ಬೇಡ್ವಾ ಅಕ್ಕ?" ಎಂದು ಕೇಳಿದಳು. "ಬಂದದ್ದೆಲ್ಲ ನಿಮಗೇ. ನಾನು ಒಂದು ಪೈಸೆ ಮುಟ್ಟಲ್ಲ. ಈ ವರ್ಷದ ಸಂಬಳದ ಏರಿಕೆ ಇದೇ ಅಂದ್ಕೊಳ್ಳಿ."

ಮಾತು ತಪ್ಪಲಿಲ್ಲ. ಪ್ರತಿ ಶನಿವಾರ ನಾಲ್ವರು ಕೆಲಸದವರಿಗೂ ಒಂದೊಂದು ಲಕೋಟೆ ಬಂತು. ಒಳಗೆ ಒಲೆಯ ಮುಂದೆ ನಿಲ್ಲುವ ಅಡುಗೆಯವನನ್ನು ಎಲ್ಲರೂ ಒಲೆಯಣ್ಣ ಎನ್ನುತ್ತಿದ್ದರು. ಆತ ಮೊದಲ ಲಕೋಟೆಯನ್ನು ಕಣ್ಣಿಗೆ ಒತ್ತಿಕೊಂಡ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಬಾಡಿಗೆಯ ಮನೆ. ಅವನ ಸಂತೋಷವನ್ನು ಯಾರೂ ತಪ್ಪೆನ್ನಲಾಗದು.

ಮುಚ್ಚಳದಕ್ಕನ ಗಂಡ ಇಪ್ಪತ್ತೆಂಟು ವರ್ಷ ದೊಡ್ಡ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವನು. ಮಂಡಿ ನೋವಿಗೆ ಕೆಲಸ ಬಿಟ್ಟು ಈಗ ಮನೆಯಲ್ಲಿದ್ದಾನೆ. ಟಿಪ್ಸಿನ ಮಾತು ಬಂದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಹೆಂಡತಿ ಲಕೋಟೆ ತಂದಿಟ್ಟ ದಿನ ಆತ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದ.

"ಅಂತೂ ನಿನಗೂ ಟಿಪ್ಸ್ ಬಂತಲ್ಲ! ಹನ್ನೊಂದು ವರ್ಷದಿಂದ ನನ್ನ ಕಸುಬನ್ನ ಆಡ್ಕೊಂಡಿದ್ದೆ."

"ನಿಮ್ಮ ಕಸುಬೇ ಬೇರೆ ಕಣ್ರೀ. ನೀವು ಬಡಿಸಿದ್ರಿ, ಅವರು ಉಂಡ್ರು, ಆಮೇಲೆ ತಟ್ಟೆ ಕೆಳಗೆ ಇಟ್ರು. ನಮ್ಮಲ್ಲಿ ಉಣ್ಣೋಕೆ ಮುಂಚೆನೇ ಕಿತ್ಕೊಳ್ತಾರೆ."

"ದುಡ್ಡಿಗೆ ಹಿಂದೆ ಮುಂದೆ ಇರುತ್ತಾ? ಬಂದ ಲಕ್ಷ್ಮಿನ ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡ್ತಾಳೆ ಇವಳು" ಎಂದು ಆತ ಟವೆಲು ಕೊಡವಿದ.

ಆಕೆ ಲಕೋಟೆ ತೆರೆಯದೆ ಕಪಾಟಿನಲ್ಲಿಟ್ಟಳು. ಮೂರು ಶನಿವಾರಗಳಲ್ಲಿ ಮೂರು ಲಕೋಟೆಗಳಾದವು.

ಆ ಮೂರು ವಾರಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಐದು ಶೇಕಡಾ ಒತ್ತಿದರೂ ಅದೇ ನಕ್ಷತ್ರ, ಹದಿನೈದು ಒತ್ತಿದರೂ ಅದೇ ನಕ್ಷತ್ರ ಎಂಬುದು ಗಿರಾಕಿಗಳಿಗೆ ಗೊತ್ತಾಯಿತು. ಒಬ್ಬ ನರ್ಸು ಇನ್ನೊಬ್ಬಳಿಗೆ ಹೇಳಿದಳು, ಆಕೆ ಆಂಬುಲೆನ್ಸಿನ ಡ್ರೈವರನಿಗೆ ಹೇಳಿದಳು. "ಐದು ಒತ್ತಿಬಿಡಿ, ಬೇಗ ಕೊಡ್ತಾರೆ" ಎಂಬುದು ಮೆಟ್ಟಿಲ ಮೇಲಿನ ಸಾಮಾನ್ಯ ಮಾತಾಯಿತು. ನಾಲ್ಕನೆಯ ವಾರಕ್ಕೆ ಕಿಂಡಿಯಲ್ಲಿ ಬರುವ ಕಾರ್ಡಿನ ಚೀಟಿಗಳೆಲ್ಲ ನಕ್ಷತ್ರ ಹೊತ್ತೇ ಬರುತ್ತಿದ್ದವು. ಎಲ್ಲರೂ ಮುಂದೆ ಬಂದರೆ ಮುಂದೆ ಬಂದವರು ಯಾರು? ಸಾಲು ಮೊದಲು ಇದ್ದಂತೆಯೇ ಇತ್ತು. ಪ್ರತಿಯೊಬ್ಬನೂ ಐದು ಶೇಕಡಾ ಹೆಚ್ಚು ಕೊಟ್ಟು ತನ್ನ ಜಾಗದಲ್ಲೇ ನಿಂತಿದ್ದ.

ಹಿಂದೆ ಬಿದ್ದವರು ಒಂದು ವರ್ಗದವರು ಮಾತ್ರ: ನಗದು ಕೊಡುವವರು. ಅವರಿಗೆ ಪರದೆ ತಿರುಗುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿರಲಿಲ್ಲ. ಆದ್ದರಿಂದ ಅವರ ಚೀಟಿಗೆ ನಕ್ಷತ್ರ ಬರುವ ದಾರಿಯೇ ಇರಲಿಲ್ಲ. ತಾವು ಏಕೆ ಕಾಯುತ್ತಿದ್ದೇವೆಂಬುದೂ ಅವರಿಗೆ ತಿಳಿದಿರಲಿಲ್ಲ.

ಅವರಲ್ಲಿ ಒಬ್ಬ ಗೋಡೆಗೆ ಬಣ್ಣ ಬಳಿಯುವವನು. ನಲವತ್ತರ ಆಸುಪಾಸು; ಎಷ್ಟು ಉಜ್ಜಿದರೂ ಹೋಗದ ನೀಲಿ ಬಣ್ಣ ಉಗುರುಗಳ ಸಂದಿಯಲ್ಲಿ. ಅವನ ತಾಯಿ ಹದಿನೇಳು ದಿನಗಳಿಂದ ನಾಲ್ಕನೆಯ ವಾರ್ಡಿನಲ್ಲಿದ್ದಳು. ದಿನವೂ ಹನ್ನೆರಡೂ ಮುಕ್ಕಾಲಕ್ಕೆ ಬಂದು ಒಂದು ಡಬ್ಬಿ ಸೂಪು, ಒಂದು ಡಬ್ಬಿ ಅನ್ನ ಒಯ್ಯುತ್ತಿದ್ದ. ವಾರ್ಡಿನಲ್ಲಿ ನರ್ಸು ತಿನ್ನಿಸಿದರೆ ಮುದುಕಿ ಬಾಯಿ ಬಿಗಿಹಿಡಿಯುತ್ತಾಳೆಂದೂ ಮಗನ ಕೈಯಿಂದಾದರೆ ನಾಲ್ಕು ಚಮಚ ಇಳಿಯುತ್ತದೆಂದೂ ಅವನೇ ಒಮ್ಮೆ ಹೇಳಿದ್ದ.

ಆ ಮಂಗಳವಾರ ಅವನ ಟೋಕನ್ ಮೂವತ್ತೆಂಟು. ಮುಚ್ಚಳದಕ್ಕ ನಲವತ್ತು ಕಟ್ಟಿದಳು, ನಲವತ್ತೈದು ಕಟ್ಟಿದಳು, ಐವತ್ತೊಂದು ಕಟ್ಟಿದಳು. ಒಳಗಿನಿಂದ ಬಂದದ್ದನ್ನು ಬಂದ ಹಾಗೆ ಕಟ್ಟುತ್ತಿದ್ದಳು. ಕೈ ತುಂಬ ಕೆಲಸ, ತಲೆ ಎತ್ತಲು ಪುರುಸೊತ್ತಿಲ್ಲ. ಅವನ ಡಬ್ಬಿಗಳು ಕಿಂಡಿಗೆ ಬಂದಾಗ ಗಂಟೆ ಒಂದು ಇಪ್ಪತ್ತೊಂಬತ್ತು. ಅವನು ಪೊಟ್ಟಣ ಎದೆಗೊತ್ತಿ ಓಡಿದ. ಗೇಟಿನ ಕಬ್ಬಿಣ ಸರಿದು ಮುಚ್ಚಿಕೊಳ್ಳುವುದು ಕೌಂಟರಿನಿಂದಲೇ ಕಾಣುತ್ತಿತ್ತು. ಕಾವಲಿನವನು ತಲೆಯಾಡಿಸುವುದೂ ಕಾಣುತ್ತಿತ್ತು. ಅವನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತು, ರಸ್ತೆ ದಾಟಿ ಮರಳಿ ಬಂದ. ಬಂದವನು ಜಗಳವಾಡಲಿಲ್ಲ. ಜೇಬಿನಿಂದ ಎರಡು ನಾಣ್ಯ ತೆಗೆದು ಕೌಂಟರಿನ ತಗಡಿನ ಮೇಲೆ ಇಟ್ಟ.

"ಅಕ್ಕ, ಪಕ್ಕದಲ್ಲಿದ್ದವರು ಈಗ ಹೇಳಿದ್ರು. ಇಲ್ಲಿ ಮೇಲೆ ಸ್ವಲ್ಪ ಕೊಡಬೇಕಂತೆ. ನನಗೆ ಗೊತ್ತಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ. ಇದು ನಾಳೆಗೆ. ನಾಳೆ ಮಾತ್ರ ಸ್ವಲ್ಪ ಬೇಗ ಕೊಡಿ."

ಮುಚ್ಚಳದಕ್ಕನ ಕಿವಿ ಬಿಸಿಯಾಯಿತು. ಒಂಬತ್ತು ವರ್ಷ ಗಾಜಿನ ಕೆಲಸ, ಹನ್ನೊಂದು ವರ್ಷ ಅನ್ನದ ಕೆಲಸ; ಒಟ್ಟು ಇಪ್ಪತ್ತು ವರ್ಷದಲ್ಲಿ ಯಾರೂ ಆಕೆಗೆ ಲಂಚ ಕೊಡಲು ಬಂದಿರಲಿಲ್ಲ. ಆ ಬಡಪಾಯಿ ಕೊಟ್ಟದ್ದು ಭಕ್ಷೀಸಲ್ಲ; ತನ್ನದೇ ಆಗಿದ್ದ ಸರದಿಯನ್ನು ಆಕೆಯ ಕೈಯಿಂದ ಕೊಂಡುಕೊಳ್ಳಲು ಬಂದಿದ್ದ.

"ಎತ್ಕೋ ತಮ್ಮ ಇದನ್ನ" ಎಂದಳು. "ತಪ್ಪು ನಿಂದಲ್ಲ, ನಂದು. ನಂಬರ್ ನೋಡದೆ ಕಟ್ಟಿದೆ. ಆ ಸೂಪು ಇಲ್ಲಿ ಕೊಡು, ಐದಕ್ಕೆ ಬಾ, ಬಿಸೀದು ಬೇರೆ ಕೊಡ್ತೀನಿ."

ಅವನು ನಾಣ್ಯ ಎತ್ತಿಕೊಂಡ ಮೇಲೆ ಆಕೆ ಕಿಂಡಿಯಲ್ಲಿದ್ದ ಚೀಟಿಗಳನ್ನೆಲ್ಲ ಬಾಚಿ ತೆಗೆದು, ನಕ್ಷತ್ರ ಇದ್ದದ್ದು ಇಲ್ಲದ್ದು ಎಲ್ಲವನ್ನೂ ನಂಬರಿನ ಪ್ರಕಾರ ಜೋಡಿಸಿ ಒಳಗೆ ತಳ್ಳಿದಳು.

"ಒಲೆಯಣ್ಣ, ಇನ್ಮೇಲೆ ಇದೇ ಸಾಲು."

ಒಲೆಯಣ್ಣನ ಮುಖ ಕಿಂಡಿಯಲ್ಲಿ ಕಾಣಿಸಿಕೊಂಡಿತು, ಬೆವರು, ಹೊಗೆ, ಸಿಟ್ಟು ಎಲ್ಲ ಸೇರಿ. "ಅಕ್ಕ, ನಕ್ಷತ್ರ ಹೋದ್ರೆ ಲಕೋಟೆ ಹೋಗುತ್ತೆ. ನಿಮಗೆ ಬೇಡ ಅಂದ್ರೆ ನೀವು ಬಿಡಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

"ನಿನ್ನ ಹೊಟ್ಟೆ ಬೇರೆ ಕಡೆಯಿಂದ ತುಂಬಿಸೋಣ."

"ಯಾವ ಕಡೆಯಿಂದ? ಹೇಳಿ, ಬರ್ಕೋತೀನಿ!" ಎಂದು ಆತ ಕಿಂಡಿಯ ತಗಡನ್ನು ಧಡ್ಡನೆ ಎಳೆದುಕೊಂಡ. ಅಂದಿನಿಂದ ಆತ ಮುಚ್ಚಳದಕ್ಕನೊಂದಿಗೆ ಮಾತು ಬಿಟ್ಟ. ಡಬ್ಬಿಗಳು ಕಿಂಡಿಯಿಂದ ಬರುತ್ತಿದ್ದವು, ಮಾತು ಬರುತ್ತಿರಲಿಲ್ಲ.

ಮೂರು ಗಂಟೆಗೆ ಸಂತೆ ಕರಗಿದ ಮೇಲೆ ಚಿಕ್ಕ ಯಜಮಾನಿ ಗಲ್ಲಾದಿಂದ ಎದ್ದು ಬಂದಳು. ದನಿ ಏರಿಸಲಿಲ್ಲ.

"ಅಕ್ಕ, ನೀವು ಅಪ್ಪನ ಕಾಲದಿಂದ ಇರೋರು. ಆದ್ರೂ ಹೇಳ್ತೀನಿ. ಅಂಗಡಿ ಅಂದ ಮೇಲೆ ಒಂದು ಪದ್ಧತಿ. ನಕ್ಷತ್ರ ಮೊದಲು. ಆಗಲ್ಲ ಅಂದ್ರೆ ಒಳಗೆ ಪಾತ್ರೆ ತೊಳೆಯೋ ಕಡೆ ಹೋಗಿ, ಅಲ್ಲಿರೋಳನ್ನ ಕೌಂಟರಿಗೆ ಕರ್ಕೋತೀನಿ."

ಇಲ್ಲಿ ಮುಚ್ಚಳದಕ್ಕನ ಸಂಕಟವನ್ನು ಓದುಗರು ತಿಳಿಯಬೇಕು. ಪಾತ್ರೆ ತೊಳೆಯುವುದು ಕೀಳೆಂದು ಆಕೆ ಭಾವಿಸಿದವಳಲ್ಲ. ಆದರೆ ಕೌಂಟರು ಆಕೆಯ ಜಾಗ. ಆ ಸಾಲು ಸರಿಯಾಗಿ ನಡೆಯುವುದು ತನ್ನ ಕೈಯಲ್ಲಿದೆ ಎಂಬುದೇ ಆಕೆಯ ಹನ್ನೊಂದು ವರ್ಷದ ಗಳಿಕೆ. ಬಿಟ್ಟರೆ ಅದು ಹೋಗುತ್ತದೆ. ಹಿಡಿದರೆ ನಾಲ್ಕು ಮನೆಯ ಲಕೋಟೆ ಹೋಗುತ್ತದೆ.

"ನಾಳೆ ಒಂದು ದಿನ ಅಕ್ಷರಶಃ ನೀವು ಹೇಳಿದ ಹಾಗೇ ಕಟ್ತೀನಮ್ಮ" ಎಂದಳು. "ಸಂಜೆ ಆರಕ್ಕೆ ನನಗೆ ಅರ್ಧ ಗಂಟೆ ಕೊಡಿ. ಆಮೇಲೆ ಎಲ್ಲಿಗೆ ಕಳಿಸ್ತೀರೋ ಕಳಿಸಿ."

ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಆತ ಗೇಲಿ ಮಾಡಬಹುದೆಂದು ಕಾದಳು. ಆತ ಮಂಡಿಗೆ ಎಣ್ಣೆ ತಿಕ್ಕಿ ಮುಗಿಸಿ ಬಾಟಲಿಯನ್ನು ಪಕ್ಕಕ್ಕಿಟ್ಟ.

"ನಮ್ಮಲ್ಲೂ ನಕ್ಷತ್ರ ಇತ್ತು ಕಣೇ" ಎಂದ. "ಕಾಗದದ ಮೇಲೆ ಇರ್ಲಿಲ್ಲ, ನನ್ನ ತಲೆಯಲ್ಲಿತ್ತು. ಕಿಟಕಿ ಪಕ್ಕದ ಟೇಬಲ್ ಸಾಹೇಬ್ರು ಕೈ ತುಂಬ ಕೊಡೋರು. ಅವರು ಬಂದ್ರೆ ಅಡುಗೆಮನೆಗೆ ಓಡ್ತಿದ್ದೆ. ಮೂಲೆಯಲ್ಲಿ ಒಬ್ರು ಮೇಷ್ಟ್ರು ಕೂರೋರು, ಪಾಪ, ಕೊಡೋಕೆ ಇರ್ಲಿಲ್ಲ. ಅವರಿಗೆ ಯಾವಾಗಲೂ ಆರಿದ್ದೇ ಹೋಗೋದು. ಅವರು ಒಂದಿನಾನೂ ಬಾಯಿ ಬಿಟ್ಟು ಕೇಳ್ಲಿಲ್ಲ."

"ಇಷ್ಟು ವರ್ಷ ಹೇಳ್ಲೇ ಇಲ್ಲ ನೀವು."

"ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಸಂಬಳ ಸರಿಯಾಗಿದ್ದಿದ್ರೆ ಆ ಸಾಹೇಬ್ರ ಮುಖ ಯಾರು ನೋಡ್ತಿದ್ರು? ಹೋಗು, ನಾಳೆ ಸರಿಯಾಗಿ ಮಾತಾಡು. ಹೆದ್ರಬೇಡ."

"ಹೆದರೋಳು ಯಾರು?" ಎಂದಳು ಆಕೆ. ನಿಜವಾಗಿಯೂ ಹೆದರಿರಲಿಲ್ಲ.

ಬುಧವಾರ ಆಕೆ ಹೇಳಿದಂತೆಯೇ ನಡೆದುಕೊಂಡಳು. ನಕ್ಷತ್ರ ಮೊದಲು, ಉಳಿದದ್ದು ಆಮೇಲೆ. ಒಂದೇ ಒಂದು ಕೆಲಸ ಹೆಚ್ಚು ಮಾಡಿದಳು: ಪ್ರತಿ ಚೀಟಿಯ ಮೇಲೆ ಅದು ಮುದ್ರಣವಾದ ಹೊತ್ತು ಇರುತ್ತಿತ್ತು, ಪಾರ್ಸೆಲ್ ಕೈಗಿತ್ತ ಹೊತ್ತನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚಿ, ಚೀಟಿಯನ್ನು ಹಲಗೆಗೆ ಹೊಡೆದ ಉದ್ದ ಮೊಳೆಗೆ ಚುಚ್ಚಿದಳು. ಬಣ್ಣದವನು ಹಿಂದಿನ ಸಂಜೆ ಸೂಪಿಗೆ ಬಂದಾಗಲೇ ಅವನಿಗೊಂದು ಮಾತು ಹೇಳಿದ್ದಳು, ನಾಳೆ ಹನ್ನೆರಡಕ್ಕೇ ಬಂದುಬಿಡು ಎಂದು. ಪದ್ಧತಿಯ ತಪ್ಪಿಗೆ ಆ ಮುದುಕಿ ಇನ್ನೊಂದು ದಿನ ಉಪವಾಸವಿರುವುದು ಬೇಡವೆಂದು.

ಸಂಜೆ ಆರಕ್ಕೆ ಗಲ್ಲಾದ ಮುಂದೆ ಆ ಮೊಳೆಯ ಹಲಗೆ ತಂದಿಟ್ಟು ಚೀಟಿಗಳನ್ನು ಕಳಚಿ ಮೂರು ಗುಡ್ಡೆ ಮಾಡಿದಳು.

"ನೀವೇ ಎಣಿಸಿ. ಆಮೇಲೆ ಅಕ್ಕ ಸುಳ್ಳು ಹೇಳಿದ್ಲು ಅನ್ನಬಾರದು."

ಚಿಕ್ಕ ಯಜಮಾನಿ ಎಣಿಸಿದಳು, ಎರಡು ಬಾರಿ. ಒಟ್ಟು ಚೀಟಿ ಇನ್ನೂರ ಹದಿನಾಲ್ಕು. ಹಿಂದಿನ ತಿಂಗಳ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ನಕ್ಷತ್ರದವು ನೂರ ಎಂಬತ್ತೇಳು. ಅವುಗಳಲ್ಲಿ ಐದೇ ಶೇಕಡಾ ಒತ್ತಿದವು ನೂರ ಎಪ್ಪತ್ತೊಂದು. ಅದಕ್ಕಿಂತ ಹೆಚ್ಚು ಒತ್ತಿದವು ಹದಿನಾರು. ನಕ್ಷತ್ರವಿಲ್ಲದವು ಇಪ್ಪತ್ತೇಳು, ಇಪ್ಪತ್ತೇಳೂ ನಗದು.

"ಎಲ್ಲರೂ ಖುಷಿಯಿಂದ ಕೊಡ್ತಿದ್ದಾರಲ್ಲ ಅಕ್ಕ. ಒಳ್ಳೇದೇ ಅಲ್ವಾ?"

"ಖುಷಿಯಿಂದ ಕೊಡೋರು ಆ ಹದಿನಾರು ಜನ. ಉಳಿದವರು ಗೇಟು ಬೀಳುತ್ತೆ ಅಂತ ಹೆದರಿ ಒತ್ತಿದವರು. ಈಗ ಈ ಇಪ್ಪತ್ತೇಳನ್ನ ಮಗುಚಿ ನೋಡಿ."

ಹಿಂಬದಿಯ ಪೆನ್ಸಿಲ್ ಗುರುತುಗಳನ್ನು ಚಿಕ್ಕ ಯಜಮಾನಿ ಒಂದೊಂದಾಗಿ ಓದಿದಳು. ನಕ್ಷತ್ರದವರು ಕಾದದ್ದು ಎಂಟು ನಿಮಿಷ, ಒಂಬತ್ತು ನಿಮಿಷ, ಹನ್ನೊಂದು ನಿಮಿಷ. ನಗದಿನವರು ಇಪ್ಪತ್ತಾರು, ಮೂವತ್ತೊಂದು, ಮೂವತ್ತೆಂಟು. ಒಂದು ಚೀಟಿಯಲ್ಲಿ ನಲವತ್ತೆರಡು. ಅದನ್ನು ಆಕೆ ಕೈಯಲ್ಲೇ ಹಿಡಿದುಕೊಂಡಳು.

"ಇದು ಯಾರು?"

"ಮಗಳಿಗೆ ಹೆರಿಗೆ ಆಗಿದೆ ಅಂತ ಬಂದಿದ್ದ ಒಬ್ಬ ಅಜ್ಜಿ. ಕಾರ್ಡು ಅಂದ್ರೆ ಏನು ಅಂತಾನೂ ಗೊತ್ತಿಲ್ಲ. 'ನನ್ನ ನಂಬರ್ ಕಳೆದುಹೋಯ್ತೇನಮ್ಮ' ಅಂತ ನನ್ನನ್ನೇ ಕೇಳಿದ್ರು. ನಾನು ಪದ್ಧತಿ ಅಂದೆ. ನೀವು ಹೇಳಿಕೊಟ್ಟ ಮಾತು."

ಚಿಕ್ಕ ಯಜಮಾನಿ ಕೆಂಪಾದಳು. "ಸರಿ, ನಕ್ಷತ್ರ ತೆಗೀಬಹುದು. ಆಗ ಯಾರೂ ಒತ್ತಲ್ಲ. ಸಂಬಳ ಏರಿಸೋಕೆ ನನ್ನ ಹತ್ರ ಎಲ್ಲಿದೆ ಅಕ್ಕ? ಲೆಕ್ಕ ನೀವೇ ನೋಡ್ತೀರಾ?"

"ಲೆಕ್ಕ ನೋಡೋದೇನಿದೆ? ಜನ ಈಗಾಗಲೇ ಕೊಡ್ತಿದ್ದಾರಲ್ಲ! ಹದಿನಾರು ಜನ ಜಾಸ್ತಿ ಕೊಡ್ತಾರೆ, ಇಪ್ಪತ್ತೇಳು ಜನ ಕೊಡಲ್ಲ, ಉಳಿದವರೆಲ್ಲ ಐದು. ಹೋಗ್ಲಿ, ಅದು ಟಿಪ್ಸ್ ಅಲ್ಲ ಕಣಮ್ಮ, ಅದು ಬೆಲೆ. ಬೋರ್ಡಿನ ಮೇಲೆ ಶೇಕಡಾ ಐದು ಹೆಚ್ಚು ಮಾಡಿ ಬರೀರಿ. ಅದನ್ನ ಸಂಬಳಕ್ಕೆ ಸೇರಿಸಿ. ಬಂದವರು ಓದ್ಲಿ, ಕೊಡೋ ಹಾಗಿದ್ರೆ ಕೊಡ್ಲಿ, ಇಲ್ಲಾಂದ್ರೆ ಮೆಟ್ಟಿಲು ಇಳೀಲಿ. ಆ ಪರದೆಯ ಮುಂದೆ ನಿಲ್ಲಿಸಿ ಹಿಂದಿನವರೆಲ್ಲ ನೋಡ್ತಿರೋವಾಗ ಮರ್ಯಾದೆ ಪರೀಕ್ಷೆ ಮಾಡೋದು ಬೇಡ."

"ಗಿರಾಕಿ ಹೋದ್ರೆ?"

"ಒಂದು ತಿಂಗಳು ನೋಡಿ. ದಿನದ ಸರಾಸರಿ ಇನ್ನೂರಕ್ಕಿಂತ ಕೆಳಗೆ ಬಂದ್ರೆ ನಕ್ಷತ್ರ ವಾಪಸ್ ತನ್ನಿ. ನಾನೇ ಸೀರೆ ಎತ್ತಿ ಕಟ್ಟಿ ಪಾತ್ರೆ ತೊಳೆಯೋಕೆ ಹೋಗ್ತೀನಿ. ಒಂದು ಮಾತು ಎದುರಾಡಲ್ಲ."

ಒಳಗಿನ ಕೋಣೆಯಲ್ಲಿ ಕೂತು ಕೇಳುತ್ತಿದ್ದ ಹಳೆಯ ಯಜಮಾನರು ಅಲ್ಲಿಂದಲೇ ಗದರಿದರು: "ಒಪ್ಕೋ ಮಗಳೇ! ಒಪ್ಪದಿದ್ರೆ ಅವಳು ನಿನ್ನ ತಲೆ ಮೇಲೂ ಸೂಪು ಬಗ್ಗಿಸ್ತಾಳೆ!"

ಮಗಳು ನಕ್ಕಳು. ಒಪ್ಪಂದವಾಯಿತು.

ತಿಂಗಳ ಮೊದಲ ದಿನ ಬೋರ್ಡಿನ ಮೇಲೆ ಹೊಸ ದರ ಬಂತು. ಕೆಳಗೆ ಚಿಕ್ಕ ಯಜಮಾನಿ ತಾನೇ ಒಂದು ಸಾಲು ಬರೆದಳು: ಕೆಲಸದವರ ಸಂಬಳ ಈ ಬೆಲೆಯಲ್ಲಿ ಸೇರಿದೆ, ಟಿಪ್ಸ್ ಕೇಳುವುದಿಲ್ಲ. ಯಂತ್ರದ ಆ ಪುಟವನ್ನು ತೆಗೆಸಲು ಎರಡು ದಿನ ಫೋನು ಮಾಡಬೇಕಾಯಿತು. ಹಾಕುವುದಕ್ಕೆ ಎರಡು ನಿಮಿಷ ಸಾಕಾಗಿತ್ತು ಎಂಬುದನ್ನೂ ಇಲ್ಲಿ ದಾಖಲಿಸುವುದು ಒಳ್ಳೆಯದು.

ಗೊಣಗುವವರು ಗೊಣಗಿದರು. "ಸೂಪಿಗೆ ಚಿನ್ನ ಹಾಕಿದ್ದೀರೇನಕ್ಕ?" ಎಂದ ಆಂಬುಲೆನ್ಸಿನ ಡ್ರೈವರ್. "ಮೊನ್ನೆವರೆಗೂ ಇಷ್ಟೇ ಕೊಟ್ಟಿದ್ದೀಯ, ಆಗ ಹಸಿರು ಗುಂಡಿ ಒತ್ತುವಾಗ ಚಿನ್ನ ಕಾಣ್ಲಿಲ್ವಾ?" ಎಂದು ಮುಚ್ಚಳದಕ್ಕ ಡಬ್ಬಿ ಕೈಗಿತ್ತಳು. ಅವನು ಬೆರಳೆಣಿಸಿ ನೋಡಿ, ನಿಜವೆಂದು ಕಂಡು, ತಲೆ ಕೆರೆದುಕೊಂಡು ಹೋದ.

ಮೊದಲ ವಾರ ದಿನಕ್ಕೆ ಸರಾಸರಿ ಇನ್ನೂರ ಮೂರು. ಎರಡನೆಯ ವಾರ ನೂರ ತೊಂಬತ್ತೆಂಟು. ಆ ವಾರದ ಕೊನೆಗೆ ಒಲೆಯಣ್ಣ ಕಿಂಡಿಯಲ್ಲಿ ಡಬ್ಬಿಗಳನ್ನು ಎಷ್ಟು ಜೋರಾಗಿ ತಳ್ಳಿದನೆಂದರೆ ಒಂದು ಕೌಂಟರು ದಾಟಿ ನೆಲಕ್ಕೆ ಬಿತ್ತು. ಪಾತ್ರೆ ತೊಳೆಯುವವಳು ಹಿತ್ತಲಿನಿಂದ ಇಣುಕಿ, "ಅಕ್ಕ, ಬ್ರಷ್ಷು ತೋರಿಸ್ಲಾ? ಹಿಡಿಯೋಕೆ ಅಭ್ಯಾಸ ಮಾಡ್ಕೊಳ್ಳಿ" ಎಂದು ಕಿಸಕ್ಕೆಂದಳು. "ತೊಳೆದು ಇಟ್ಟಿರು, ಬೇಕಾದ್ರೆ ಬರ್ತೀನಿ" ಎಂದಳು ಮುಚ್ಚಳದಕ್ಕ, ನಂಬರು ಕೂಗುವುದನ್ನು ನಿಲ್ಲಿಸದೆ. ಮೂರನೆಯ ವಾರ ಇನ್ನೂರ ಒಂಬತ್ತು, ನಾಲ್ಕನೆಯ ವಾರ ಇನ್ನೂರ ಹನ್ನೆರಡು. ಬಣ್ಣದವನ ತಾಯಿ ಆ ನಡುವೆ ಮನೆಗೆ ಹೋದಳು. ಅವನ ಜಾಗದಲ್ಲಿ ಬೇರೆ ಯಾರದೋ ತಾಯಿಗೆ ಬೇರೆ ಯಾರೋ ಮಗ ಬಂದು ನಿಂತ.

"ತಿಂಗಳ ಸರಾಸರಿ ಇನ್ನೂರ ಐದೂವರೆ" ಎಂದು ಚಿಕ್ಕ ಯಜಮಾನಿ ಲೆಕ್ಕ ಓದಿದಳು. "ದಿನಕ್ಕೆ ಎಂಟೂವರೆ ಗಿರಾಕಿ ಕಳ್ಕೊಂಡ್ವಿ ಅಕ್ಕ."

"ಎಂಟು ಜನ ಹೋಗಿರಬಹುದು. ಅರ್ಧ ಗಿರಾಕಿ ಎಲ್ಲೂ ಹೋಗಲ್ಲ, ಮೆಟ್ಟಿಲ ಮೇಲೇ ಇರ್ತಾನೆ."

"ಕೌಂಟರು ನಿಮ್ದೇ ಬಿಡಿ."

"ಬಿಡೋ ಮಾತೆಲ್ಲಿತ್ತು?" ಎಂದಳು ಮುಚ್ಚಳದಕ್ಕ.

ಹೊಸ ತಿಂಗಳ ಎರಡನೆಯ ದಿನ ಸಂಬಳ ಬಂತು. ಈ ಬಾರಿ ಬೇರೆ ಲಕೋಟೆ ಇರಲಿಲ್ಲ. ಏರಿಕೆ ಸಂಬಳದ ಒಳಗೇ ಇತ್ತು, ಗಿರಾಕಿ ಬಂದರೂ ಬಾರದಿದ್ದರೂ ಕಡಿಮೆಯಾಗದಂತೆ. ಒಲೆಯಣ್ಣ ಅದನ್ನು ಒಲೆಯ ಮುಂದೆಯೇ ನಿಂತು, ಕೈ ಒರೆಸಿಕೊಂಡು, ಎಣಿಸಿ ನೋಡಿದ. ಆಮೇಲೆ ಜೇಬಿಗೆ ಹಾಕಿ ಮತ್ತೆ ಸೌಟು ಹಿಡಿದ. ಒಂದು ಗಂಟೆ ಹನ್ನೆರಡು ನಿಮಿಷಕ್ಕೆ, ಸಾಲು ಮೆಟ್ಟಿಲು ದಾಟಿ ರಸ್ತೆಗೆ ಇಳಿದಿದ್ದ ಹೊತ್ತಿಗೆ, ಕಿಂಡಿಯ ತಗಡು ಸರಿಯಿತು.

"ಅಕ್ಕ, ಎಪ್ಪತ್ತೆರಡು. ಬಿಸಿ ಇದೆ, ಕೈ ಜೋಪಾನ."

ಮುಚ್ಚಳದಕ್ಕ ತಿರುಗಿ ನೋಡಿದಳು. "ಏನು, ಬಾಯಿ ಬಂತಾ?"

"ಬಾಯಿ ಇತ್ತು ಅಕ್ಕ. ಸಂಬಳ ಬರ್ಲಿ ಅಂತ ಕಾಯ್ತಾ ಇತ್ತು."

"ಕಾಯೋದಾದ್ರೆ ಸಾಲಲ್ಲಿ ನಿಂತ್ಕೋ" ಎಂದು ಆಕೆ ಡಬ್ಬಿಗಳನ್ನು ಎಳೆದುಕೊಂಡು ಜನರ ಕಡೆ ತಿರುಗಿದಳು. "ಎಪ್ಪತ್ತೆರಡು! ಎಪ್ಪತ್ತೆರಡು ಯಾರ್ರೀ? ಬನ್ನಿ, ಇನ್ನೂ ಹದಿನೆಂಟು ನಿಮಿಷ ಇದೆ."